ಪೂಜೆಯ ಪುಸ್ತಕ ಮತ್ತು ಎರಡನೇ ಗೇರು

ನಮ್ಮ ಮನೆಯ ಕಾರಿಗೆ ಒಂದು ಸಂವಿಧಾನವಿದೆ. ಬರೆದಿಟ್ಟದ್ದಲ್ಲ, ರೂಢಿಯಿಂದ ಬಂದದ್ದು. ಅದರ ಪ್ರಕಾರ ಓಡಿಸುವ ಖಾತೆ ನನ್ನ ಹೆಂಡತಿಯದು. ಎಂಜಿನ್ನಿನ ಎಣ್ಣೆ, ಗೇರಿನ ಎಣ್ಣೆ, ಬ್ರೇಕಿನ ಎಣ್ಣೆ, ರೇಡಿಯೇಟರಿನ ನೀರು, ಗಾಜು ಒರೆಸುವ ಸೋಪುನೀರು ಮುಂತಾಗಿ ಹರಿಯುವ ಸಮಸ್ತ ಪದಾರ್ಥಗಳ ಖಾತೆ ನನ್ನದು. ಕಾರು ಕೊಂಡ ಹೊಸದರಲ್ಲಿ ನಾನೂ ಓಡಿಸುವುದನ್ನು ಕಲಿತಿದ್ದೆ. ಅದಕ್ಕೆ ಶಾಮನೂರಿನ ಕಡೆಯ ಒಂದು ಕಲ್ಲುಕಂಬ ಬಹಳ ಕಾಲ ಸಾಕ್ಷಿಯಾಗಿ, ಸ್ವಲ್ಪ ವಾಲಿಕೊಂಡು ನಿಂತಿತ್ತು. ಆ ದಿನವೇ ನಾನು ಎಡಗಡೆಯ ಸೀಟಿಗೆ ನಿವೃತ್ತನಾದೆ. ಸರ್ಕಾರಿ ನೌಕರಿಯಿಂದ ನಿವೃತ್ತನಾದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ನಡೆದದ್ದಕ್ಕೆ ಇದು ಬೇಕಾಗುತ್ತದೆ.

ಕಾರಿಗೆ ಈಗ ಇಪ್ಪತ್ತಾರು ವರ್ಷ. ಕೊಂಡಾಗ ಬೆಳ್ಳಿಯ ಬಣ್ಣವಿತ್ತು, ಈಗ ವಿಭೂತಿಯ ಬಣ್ಣಕ್ಕೆ ಬಂದಿದೆ. ಪ್ರತಿ ಮಂಗಳವಾರ ಬೆಳಿಗ್ಗೆ ಅದು ನಮ್ಮಿಬ್ಬರನ್ನು ಕೆ.ಬಿ. ಬಡಾವಣೆಯ ಮನೆಯಿಂದ ಹರಿಹರಕ್ಕೆ ಒಯ್ಯುತ್ತದೆ. ಹರಿಹರದಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದಾರೆ. ಅಕ್ಕತಂಗಿಯರು ಹೊಟ್ಟೆ ತುಂಬ ಮಾತಾಡುತ್ತಾರೆ, ನಾನು ಹೊಟ್ಟೆ ತುಂಬ ಉಣ್ಣುತ್ತೇನೆ. ಇಳಿಹೊತ್ತಿಗೆ ಸೇತುವೆಯ ತನಕ ಹೋಗಿ, ಹೊಳೆ ನೋಡಿ, ಊರಿಗೆ ಮರಳುತ್ತೇವೆ. ಇದಕ್ಕಿಂತ ದೊಡ್ಡ ಪ್ರವಾಸ ಆ ಕಾರಿಗೂ ಬೇಡ, ನಮಗೂ ಬೇಡ.

ಆ ಹದಿನಾಲ್ಕು ಕಿಲೋಮೀಟರಿನಲ್ಲಿ ನನಗೆ ಬರುವುದನ್ನು ನಿದ್ದೆ ಎನ್ನಲಾಗದು. ಎಚ್ಚರ ಎಂದರೆ ನನ್ನ ಹೆಂಡತಿ ಒಪ್ಪುವುದಿಲ್ಲ. ಚಳಿಗಾಲದ ಬೆಳಿಗ್ಗೆ ಗದ್ದೆಗಳ ಮೇಲೆ ಮಂಜು ಕೂತಿರುತ್ತದೆ. ನಾಲೆಯ ನೀರು ಎಲ್ಲಿಗೋ ಹೊರಟದ್ದನ್ನು ಮರೆತಂತೆ ಮೆಲ್ಲಗೆ ಸಾಗುತ್ತಿರುತ್ತದೆ. ಬೆಳ್ಳಕ್ಕಿಗಳು ಮಂಜಿನಲ್ಲಿ ಅರ್ಧ ಕಾಣುತ್ತವೆ, ಅರ್ಧ ಇಲ್ಲ. ನಾನು ಕಣ್ಣು ಮುಚ್ಚಿ ಆಕೆಯ ಬಳೆಗಳ ಸದ್ದು ಕೇಳುತ್ತಿದ್ದೆ. ಗೇರು ಹಾಕುವುದು ಎಡಗೈಯಲ್ಲಲ್ಲವೇ. ಒಂದನೇ ಗೇರಿಗೆ ಕೈ ಮುಂದೆ ಹೋದಾಗ ಹಸಿರು ಬಳೆಗಳು ಮೊಣಕೈ ಕಡೆಗೆ ಸರಿದು ಝಲ್ ಎನ್ನುತ್ತಿದ್ದವು. ಎರಡನೆಯದಕ್ಕೆ ಕೈ ಹಿಂದೆ ಬಂದಾಗ ಅವೆಲ್ಲ ಇಳಿದು ಗೇರಿನ ಗುಂಡಿಗೆ ತಾಕಿ ಕಿಣ್ ಎಂದು ಒಮ್ಮೆಗೇ ನಿಲ್ಲುತ್ತಿದ್ದವು. ಮೂರು, ನಾಲ್ಕು ಎನ್ನುವಷ್ಟರಲ್ಲಿ ನಾನು ಇನ್ನೊಂದು ಲೋಕದಲ್ಲಿರುತ್ತಿದ್ದೆ. ಕಾರು ಯಾವ ಗೇರಿನಲ್ಲಿದೆ ಎಂದು ಕಣ್ಣು ತೆರೆಯದೆ ಹೇಳಬಲ್ಲವನಾಗಿದ್ದೆ. ಈ ವಿದ್ಯೆಗೆ ಪ್ರಪಂಚದಲ್ಲಿ ಯಾವ ಉಪಯೋಗವೂ ಇಲ್ಲ ಎಂಬುದೇ ಅದರ ಸೊಗಸು.

ಹೋದ ಭಾದ್ರಪದದಲ್ಲಿ ಆಕೆ ಬಾಗಿಲ ಮುಂದೆ ರಂಗೋಲಿ ಹಾಕುವಾಗ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಬಳೆಗಳನ್ನು ಕತ್ತರಿಸಿ ತೆಗೆದು ಪಟ್ಟಿ ಹಾಕಿದರು. ಆರು ವಾರ. ಕಾರಿಗೆ ಹೊದಿಕೆ ಬಿತ್ತು. ಮನೆಯಲ್ಲಿ ನಾನು ಕಾಫಿ ಕಾಯಿಸಿದೆ, ಅನ್ನ ಮಾಡಿದೆ, ಒಂದೆರಡು ಪಾತ್ರೆಗಳನ್ನು ಇತಿಹಾಸಕ್ಕೆ ಸೇರಿಸಿದೆ. ಇಷ್ಟಾದರೂ ನನ್ನಿಂದ ಆಕೆಗೆ ಏನೋ ಒಂದು ಆಗಬೇಕು ಎಂದು ಅನ್ನಿಸುತ್ತಿತ್ತು. ಪಟ್ಟಿ ಬಿಚ್ಚಿದ ಮೇಲೆ ಆ ಕೈಗೆ ಗೇರು ಬೆಣ್ಣೆಯಲ್ಲಿ ಚೂರಿ ಇಳಿದಂತೆ ಇಳಿಯಬೇಕು. ಸರಿ, ಗೇರ್ ಬಾಕ್ಸಿನ ಎಣ್ಣೆ ಬದಲಾಯಿಸುವುದೆಂದು ನನ್ನ ಖಾತೆಯ ಸಭೆ ಸೇರಿ, ನಾನೊಬ್ಬನೇ ಹಾಜರಿದ್ದು, ಸರ್ವಾನುಮತದಿಂದ ತೀರ್ಮಾನಿಸಿದೆ.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಕಾರಿನ ಹೆಸರು ಹೇಳಿದೊಡನೆ ಅಂಗಡಿಯವರು ಕನ್ನಡಕ ಮೇಲೆತ್ತಿದರು.

"ಇನ್ನೂ ಓಡ್ತೈತೇನ್ರಿ ಅದು?"

"ಓಡ್ತೈತೆ. ಓಡ್ಸೋರು ಚಲೋ ಅದಾರೆ."

"ಗೇರ್ ಆಯಿಲ್‌ನಾಗೆ ನಾಲ್ಕನೇ ನಂಬರೂ ಐತ್ರಿ, ಐದನೇದೂ ಐತ್ರಿ. ಪುಸ್ತಕದಾಗೆ ಯಾವ್ದು ಹೇಳೈತೆ ನೋಡಿದ್ರೇನು?"

"ಪುಸ್ತಕ ದೇವರ ಮನೆಯಾಗೈತೆ."

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. "ಹಂಗಾರೆ ನಿಮ್ಮಿಷ್ಟ."

"ಯಾವ್ದು ಹೆಚ್ಚಿಂದು?"

"ಹೆಚ್ಚಿಂದಂದ್ರೆ ಐದು. ಲಾರಿಯವರು ಹಿಂದಿನ ಅಚ್ಚಿಗೆ ಒಯ್ತಾರೆ. ಆದ್ರೆ ನಿಮ್ಮ ಗಾಡಿಗೆ..."

ಆ 'ಆದ್ರೆ' ಎಂಬ ಮಾತು ನನ್ನ ಕಿವಿಯ ಹತ್ತಿರ ಬಂದು, ಒಳಗೆ ಜಾಗವಿಲ್ಲದೆ ಹಿಂದಿರುಗಿತು. ನಾನು ಈ ಊರಿನಲ್ಲಿ ಹುಟ್ಟಿ ಬೆಳೆದವನು. ನಮ್ಮೂರಿನಲ್ಲಿ ದೋಸೆಗೆ ಬೆಣ್ಣೆ ಹೆಚ್ಚಾಯಿತು ಎಂದು ಯಾರೂ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ನಾಲ್ಕಕ್ಕಿಂತ ಐದು ದೊಡ್ಡದು. ಅದನ್ನು ನಾನೇ ಎಷ್ಟೋ ತಲೆಗಳಿಗೆ ತುಂಬಿದ್ದೇನೆ. ಜೊತೆಗೆ ಹಳೆಯ ಗಾಡಿಗೆ ದಪ್ಪ ಎಣ್ಣೆ ಹಾಕಬೇಕು ಎಂಬುದು ಚಹಾ ಅಂಗಡಿಗಳಲ್ಲಿ ರುಜುವಾತಾದ ಸತ್ಯ. ಡಬ್ಬಿಯ ಮೇಲೆ ದಪ್ಪದ ಅಂಕಿ ತೊಂಬತ್ತು ಎಂದಿದ್ದದ್ದನ್ನು ಬಿಟ್ಟು ನೂರ ನಲವತ್ತು ಎಂದಿದ್ದದ್ದನ್ನು ಆರಿಸಿದೆ. ಐದನೇ ನಂಬರು, ನೂರ ನಲವತ್ತರ ದಪ್ಪ. ಮದುವೆಗೆ ಜವಳಿ ಕೊಂಡವನ ಗತ್ತಿನಲ್ಲಿ ಡಬ್ಬಿ ಹಿಡಿದು ಹೊರಬಂದೆ.

ಆನೆಕೊಂಡದ ಕಡೆಯ ಒಬ್ಬ ಮೆಕ್ಯಾನಿಕ್ ಮನೆಗೇ ಬಂದು, ನಾನು ತಂದದ್ದನ್ನು ನಾನು ಹೇಳಿದಂತೆ ಹಾಕಿಕೊಟ್ಟ. ಅವನದೇನೂ ತಪ್ಪಿಲ್ಲ. ಹಳೆಯ ಎಣ್ಣೆ ತೆಳ್ಳಗೆ, ಕಪ್ಪಗೆ, ಬೇಗ ಬೇಗ ಇಳಿದುಹೋಯಿತು. ಹೊಸದು ಇಳಿಯುವುದನ್ನು ನಾನು ಸ್ಟೂಲು ಹಾಕಿಕೊಂಡು ನೋಡಿದೆ. ಎಂಥ ಗಂಭೀರವಾದ ಇಳಿತ. ಕಾಕಂಬಿಯ ಹಾಗೆ, ಯಾರ ಅವಸರಕ್ಕೂ ಸಿಕ್ಕದೆ, ಮಧ್ಯಾಹ್ನದ ಬಿಸಿಲನ್ನು ಒಳಗೆ ಹಿಡಿದುಕೊಂಡು ಎಳೆ ಎಳೆಯಾಗಿ ಹೋಗುತ್ತಿತ್ತು. ಗಂಧಕದ ವಾಸನೆ ಬಂತು. ವಿಜ್ಞಾನ ಮೇಷ್ಟ್ರಾಗಿ ಅದನ್ನು ಗುರುತಿಸಿ ಸಂತೋಷಪಟ್ಟೆ. ಗಂಧಕ ಅಲ್ಲಿ ಏನು ಮಾಡುತ್ತಿದೆ ಎಂದು ಮಾತ್ರ ಕೇಳಲಿಲ್ಲ.

ಇಲ್ಲಿ ಪುಸ್ತಕದ ವಿಷಯ ಹೇಳಬೇಕು. ಕಾರಿನ ಜೊತೆ ಬಂದ ಆ ಕೈಪಿಡಿಯನ್ನು ಮೊದಲ ವರ್ಷದ ಆಯುಧಪೂಜೆಯಲ್ಲಿ ನನ್ನ ತಾಯಿ ಕೈಗೆತ್ತಿಕೊಂಡು "ಇದೇನಪ್ಪಾ" ಎಂದಿದ್ದರು. ಕಾರಿನ ವಿಚಾರವೆಲ್ಲ ಇದರಲ್ಲಿದೆ, ಯಾವಾಗ ಏನು ಮಾಡಬೇಕು, ಏನು ಮಾಡಬಾರದು ಎಂದೆಲ್ಲ ಬರೆದಿದೆ ಎಂದು ನಾನು ಹೇಳಿದೆ. "ಅಂದ್ರೆ ಜಾತಕ" ಎಂದರು ತಾಯಿ. ಬಾನೆಟ್ಟಿನ ಮೇಲೆ ತಟ್ಟೆಯಿಟ್ಟು, ಪುಸ್ತಕಕ್ಕೆ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದರು. "ಜಾತಕ ಸುಮ್ ಸುಮ್ನೆ ತೆರೀಬಾರ್ದು" ಎಂದು ತಾವೇ ಒಯ್ದು ದೇವರ ಮನೆಯ ಸ್ಟೀಲಿನ ಡಬ್ಬಿಯಲ್ಲಿಟ್ಟರು. ತಾಯಿ ಹೋಗಿ ಬಹಳ ವರ್ಷಗಳಾದವು. ಪದ್ಧತಿ ನಿಂತಿಲ್ಲ. ವರ್ಷಕ್ಕೊಮ್ಮೆ ಪುಸ್ತಕ ಹೊರಗೆ ಬರುತ್ತದೆ, ಪೂಜೆ ಮಾಡಿಸಿಕೊಳ್ಳುತ್ತದೆ, ಒಳಗೆ ಹೋಗುತ್ತದೆ. ಅದನ್ನು ಯಾರೂ ಓದಿರಲಿಲ್ಲ. ಆ ದಸರೆಯಲ್ಲೂ ಪಟ್ಟಿಯ ಕೈಯನ್ನು ಎದೆಗೆ ಕಟ್ಟಿಕೊಂಡೇ ನನ್ನ ಹೆಂಡತಿ ಬಲಗೈಯಿಂದ ಕುಂಕುಮವಿಟ್ಟಳು. ಒಳಗಿನ ಪುಟಗಳು ಏನು ಬೇಡವೆಂದಿದ್ದವೋ ಅದೇ ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾರು ಎದುರಿಗೆ ನಿಂತಿತ್ತು. ನಾನು ಭಕ್ತಿಯಿಂದ ಕೈಮುಗಿದೆ.

ದೀಪಾವಳಿ ಕಳೆದ ಮೇಲೆ ಮೊದಲ ಮಂಗಳವಾರ ಆಕೆ ಸ್ಟೇರಿಂಗಿನ ಮುಂದೆ ಕೂತಳು. ಮಣಿಕಟ್ಟು ಇನ್ನೂ ಸ್ವಲ್ಪ ಊದಿದ್ದರಿಂದ ಬಳೆ ಇರಲಿಲ್ಲ. ಕಾರ್ತಿಕದ ಚಳಿ. ಒಂದನೇ ಗೇರು ಹೇಗೋ ಬಿತ್ತು. ಎರಡನೆಯದಕ್ಕೆ ಎಳೆದಾಗ ಕೋಲು ಅಡ್ಡ ನಿಂತಿತು. ಇನ್ನೊಮ್ಮೆ ಎಳೆದಳು. ಕರ್ರ್ ಎಂಬ ಸದ್ದು ಕಾರಿನ ಹೊಟ್ಟೆಯೊಳಗಿಂದ ಬಂತು, ಕಲ್ಲುಸಕ್ಕರೆಯನ್ನು ಹಲ್ಲು ಸಡಿಲಾದವರು ಕಡಿದಂತೆ. ನಾನು ಕಣ್ಣು ಬಿಟ್ಟೆ. ಹರಿಹರ ಮುಟ್ಟುವ ತನಕ ಆ ಸದ್ದು ಏಳೆಂಟು ಸಲ ಬಂತು. ಎಣ್ಣೆ ಅತ್ಯುತ್ತಮವಾದದ್ದು, ನಾನೇ ತಂದದ್ದು. ಆದ್ದರಿಂದ ದೋಷ ಬೇರೆಲ್ಲೋ ಇರಬೇಕು.

"ಕೈ ಮಾತು ಕೇಳವಲ್ದು" ಎಂದಳು ಮರಳಿ ಬರುವಾಗ.

ಆಗ ನಾನು ಆಡಬಾರದ ಮಾತೊಂದನ್ನು ಸಮಾಧಾನದ ದನಿಯಲ್ಲಿ ಆಡಿದೆ. "ವಯಸ್ಸಾತಲ್ಲ. ಮೊದಲಿನಂಗೆ ಹೆಂಗೆ ಬರ್ತೈತೆ?"

ಮರುದಿನದಿಂದ ಆಕೆ ಜೋಳದ ಹಿಟ್ಟನ್ನು ಎಡಗೈಯಿಂದ ನಾದಲು ಶುರುಮಾಡಿದಳು. ಕೈಗೆ ಬಲ ಬರಲೆಂದು. ತುಟಿ ಬಿಗಿದು ಹಿಟ್ಟಿನ ಮುದ್ದೆಯನ್ನು ಒತ್ತಿ ಒತ್ತಿ ಮಗುಚುತ್ತಿದ್ದಳು. ರೊಟ್ಟಿ ತಟ್ಟುವುದೂ ಎಡಗೈಯಲ್ಲೇ. ಅವು ರೊಟ್ಟಿಗಿಂತ ಭೂಪಟಕ್ಕೆ ಹತ್ತಿರವಾಗಿದ್ದವು. ಮೂರು ವಾರ ನಾನು ನಾನಾ ದೇಶಗಳನ್ನು ತಿಂದೆ. ಕೈ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು, ಹಿಟ್ಟಿನ ಮುದ್ದೆಯೇ ಅದಕ್ಕೆ ಸಾಕ್ಷಿ. ಮಂಗಳವಾರ ಬಂದರೆ ಮಾತ್ರ ಮತ್ತೆ ಅದೇ ಕರ್ರ್. ಮನೆಯ ಮುಂದಿನ ತಿರುವಿನಲ್ಲಿ ಒಮ್ಮೆ ಗೇರು ಬೀಳದೆ ಕಾರು ನಿಂತು, ಹಿಂದಿನ ಆಟೋದವನು "ಅಜ್ಜಿ, ಬಸ್ಸಿಗೆ ಹೋಗ್ರಿ" ಎಂದು ಕೂಗಿ ಹೋದ. ಆಕೆ ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟು, ಎಡಗೈಯನ್ನು ಯಾರೋ ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದಳು.

ಅಂದು ಹರಿಹರದಲ್ಲಿ ಉಂಡು ಕೈ ತೊಳೆಯುವ ಹೊತ್ತಿಗೆ ಆಕೆ ಅಕ್ಕನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಪಕ್ಕದ ಮನೆಯೋರು ಕಲಿಯಾಕೆ ಹಳೇ ಗಾಡಿ ಹುಡುಕ್ತಿದ್ರು ಅಂದಿದ್ದಿ. ಸಂಕ್ರಾಂತಿ ಕಳೀಲಿ, ನಮ್ದೇ ಒಯ್ಯಾಕೆ ಹೇಳು."

"ಯಾಕೆ, ಗಾಡಿಗೆ ಏನಾತು?"

"ಗಾಡಿಗೆ ಏನೂ ಆಗಿಲ್ಲ, ಅಕ್ಕ. ನನಗಾಗೈತೆ."

"ಹುಚ್ಚಿ. ಹಂಗಾರೆ ಬರೋದು ಹೆಂಗೆ?"

"ಬಸ್ಸು ಅದಾವಲ್ಲ. ಬಂದಾಗ ಬಂದೆ." ತಟ್ಟೆ ಎತ್ತಿಡುವ ಸದ್ದಿನ ನಡುವೆ, "ಓಡಿಸ್ಬೇಕು ಅಂತ ಕೂತ್ರೆ ಕೈ ನಡುಗ್ತೈತೆ. ಗೇರ್ ಬೀಳ್ತೈತೋ ಇಲ್ಲೋ ಅಂತ ಹಿಂದಿನ ದಿನದಿಂದ್ಲೇ ಎದಿ ಹೊಡ್ಕಂತೈತೆ" ಎಂದಳು.

ನಾನು ಒದ್ದೆ ಕೈಯಲ್ಲೇ ಹೋಗಿ ಪಡಸಾಲೆಯ ಮಂಚದ ಮೇಲೆ ಮಲಗಿದೆ. ಎಣ್ಣೆಗಾಯಿ, ಮೊಸರನ್ನ ಎರಡೂ ಸೇರಿ ಕಣ್ಣು ಎಳೆದವು. ಕನಸಿನಲ್ಲಿ ನಾನು ಗೇರ್ ಬಾಕ್ಸಿನೊಳಗೆ ಇದ್ದೆ. ಕಾಕಂಬಿಯ ಬಣ್ಣದ ಹೊಳೆ, ದಡವಿಲ್ಲ, ಸದ್ದಿಲ್ಲ. ಅದರಲ್ಲಿ ಮನೆಯಷ್ಟು ಎತ್ತರದ ಹಲ್ಲಿನ ಚಕ್ರಗಳು ಮೆಲ್ಲಗೆ ತಿರುಗುತ್ತಿದ್ದವು. ಅವುಗಳ ನಡುವೆ ಬಂಗಾರದ ಬಣ್ಣದ ಬಳೆಯೊಂದು ತೇಲುತ್ತ ಬಂದು ಒಂದು ಚಕ್ರವನ್ನು ಹಿಡಿಯಲು ನೋಡುತ್ತಿತ್ತು, ಜಾರುತ್ತಿತ್ತು. ಮತ್ತೆ ಹಿಡಿಯುತ್ತಿತ್ತು, ಮತ್ತೆ ಜಾರುತ್ತಿತ್ತು. ದೂರದಲ್ಲೆಲ್ಲೋ ನನ್ನ ತಾಯಿ ಜೋಯಿಸರ ಧಾಟಿಯಲ್ಲಿ ಏನನ್ನೋ ಓದುತ್ತಿದ್ದರು. ಏನೆಂದು ಕೇಳಿಸುವಷ್ಟರಲ್ಲಿ ಎಚ್ಚರವಾಯಿತು. ಮೂಗಿನಲ್ಲಿ ಗಂಧಕದ ವಾಸನೆ ಇದ್ದ ಹಾಗಿತ್ತು.

ಕನಸುಗಳನ್ನು ನಾನು ನಂಬುವವನಲ್ಲ. ಹಾಗಾಗಿ, ಕನಸಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಚಪ್ಪಲಿ ಮೆಟ್ಟಿ ಹಿಂದಿನ ಬೀದಿಯ ಉಸ್ತಾದರ ಶೆಡ್ಡಿಗೆ ಹೋದೆ.

ಉಸ್ತಾದರು ಲಾರಿಗಳ ಗೇರ್ ಬಾಕ್ಸ್ ಬಿಚ್ಚಿ ಜೋಡಿಸುವುದರಲ್ಲಿ ಗಡ್ಡ ಬೆಳ್ಳಗೆ ಮಾಡಿಕೊಂಡವರು. ಮಂಗಳವಾರದ ಮಧ್ಯಾಹ್ನಗಳಲ್ಲಿ ಅವರ ಹತ್ತಿರ ಚಹಾ ಕುಡಿಯುವುದು ನನಗೆ ರೂಢಿ. ಮಳೆ, ಹೊಳೆ, ಮಂಡಿನೋವು ಎಲ್ಲ ಮಾತಾಡಿದ್ದೇವೆ. ನಮ್ಮ ಕಾರಿನ ವಿಷಯವನ್ನು ಮಾತ್ರ ನಾನು ಎತ್ತಿದ್ದಿಲ್ಲ. ಖಾತೆ ನನ್ನದಲ್ಲವೇ, ಬಿಗುಮಾನ.

"ಬರ್ರಿ ಮೇಷ್ಟ್ರೆ, ಕೂಡ್ರಿ. ಮುಖ ಯಾಕೆ ಫ್ಯೂಸ್ ಹೋದ ಬಲ್ಬ್ ಆಗೈತೆ?"

"ಉಸ್ತಾದ್, ಮುರಿದ ಕೈ ಕೂಡಿದ ಮ್ಯಾಲೆ ಗೇರ್ ಹಾಕೋ ಬಲ ಯಾವಾಗ ಬರ್ತೈತೆ?"

"ಕೈದು ಡಾಕ್ಟರಿಗೆ ಕೇಳ್ರಿ, ಗೇರಿಂದು ನನಗೆ ಕೇಳ್ರಿ. ಯಾವುದು ಬೀಳಂಗಿಲ್ಲ?"

"ಎರಡನೇದು. ಬೆಳಿಗ್ಗೆ ಹೊತ್ತು ಮೂರನೇದೂ ತಕರಾರು ಮಾಡ್ತೈತೆ. ಆಮ್ಯಾಲೆ ಸ್ವಲ್ಪ ಪರವಾಗಿಲ್ಲ."

ಅವರು ಚಹಾದ ಲೋಟ ಕೆಳಗಿಟ್ಟರು. "ಕೈ ಬಿಸಿ ಆದ ಮ್ಯಾಲೋ, ಗಾಡಿ ಬಿಸಿ ಆದ ಮ್ಯಾಲೋ?"

ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. "ಗಾಡಿ" ಎಂದೆ.

"ಆಯಿಲ್ ಯಾವಾಗ ಬದಲು ಮಾಡಿದ್ರಿ?"

"ದಸರಾಕ್ಕೆ."

"ಅಕ್ಕಾರ ಕೈ ಮುರಿದಿದ್ದು?"

"ಅದಕ್ಕಿಂತ ಮೊದ್ಲು."

"ಅಂದ್ರೆ ಹೊಸ ಆಯಿಲ್ ಮ್ಯಾಲೆ ಅಕ್ಕಾರು ಗಾಡಿ ಹೊಡೆದಿದ್ದು ಕೈ ಮುರಿದ ಮ್ಯಾಲೇನೇ." ಅವರು ಎದ್ದು ಗೋಣಿಚೀಲವನ್ನೂ ಬೋಲ್ಟ್ ತಿರುಗಿಸುವ ಪಾನಾವನ್ನೂ ಎತ್ತಿಕೊಂಡರು. "ನಡೀರಿ, ಪಾಪ ಆ ಕೈಯಿ. ಅದರದ್ದೂ ಒಂದು ಮಾತು ಕೇಳಾಣ."

ಅಕ್ಕತಂಗಿಯರು ಒಳಗೆ ಮಲಗಿದ್ದರು. ಬೇವಿನ ನೆರಳಿನಲ್ಲಿ ನಿಂತಿದ್ದ ಕಾರಿನ ಕೆಳಗೆ ಉಸ್ತಾದರು ಗೋಣಿಚೀಲ ಹಾಸಿ ನುಸುಳಿದರು. ಎಣ್ಣೆ ತುಂಬುವ ಬಾಯಿಯ ಬೋಲ್ಟ್ ಬಿಚ್ಚಿ, ಕಿರುಬೆರಳು ಅದ್ದಿ, ಹೊರಗೆ ಬಂದರು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿದರು. ಮೂಸಿದರು. ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದರು.

"ಐದನೇ ನಂಬರ್, ದಪ್ಪಂದು. ಇದು ಲಾರಿ ಹಿಂದಿನ ಅಚ್ಚಿನ ಮಾಲು. ಯಾರು ಹಾಕಿದ್ರು?"

"ತಂದಿದ್ದು ನಾನೇ."

ಅವರು ಬೆರಳನ್ನು ಗೋಣಿಚೀಲಕ್ಕೆ ಒರೆಸಿ, ಮತ್ತೆ ನುಸುಳಿ ಬೋಲ್ಟ್ ಬಿಗಿದರು. ಶೆಡ್ಡಿಗೆ ಮರಳಿ, ಹಲಗೆಯ ಮೇಲಿದ್ದ ಹಳೆಯ ಹಿತ್ತಾಳೆಯ ಬಳೆಯೊಂದನ್ನು ಒರೆಸಿ ನನ್ನ ಅಂಗೈಯಲ್ಲಿಟ್ಟರು. ಹೊರಗೆ ಸಣ್ಣ ಹಲ್ಲುಗಳು, ಒಳಗೆ ಕೂದಲೆಳೆಯಂಥ ಗೆರೆಗಳು. ಕನಸಿನಲ್ಲಿ ತೇಲುತ್ತಿದ್ದದ್ದು ಇಷ್ಟು ಚಿಕ್ಕದಾಗಿರಲಿಲ್ಲ, ಅಷ್ಟೆ.

"ಗಾಡಿ ಓಡ್ತಿರುವಾಗ ಒಳಗಿನ ಚಕ್ರಗಳು ಬ್ಯಾರೆ ಬ್ಯಾರೆ ಓಟದಾಗೆ ಇರ್ತಾವೆ, ಮೇಷ್ಟ್ರೆ. ಗೇರ್ ಹಾಕಿದಾಗ ಈ ಬಳೆ ನಡುವೆ ಹೋಗಿ, ಉಜ್ಜಿ, ಎರಡಕ್ಕೂ ಒಂದೇ ಓಟ ಮಾಡ್ತೈತೆ. ಆಮ್ಯಾಲೆ ಹಲ್ಲಿಗೆ ಹಲ್ಲು ಕೂಡ್ತೈತೆ. ಉಜ್ಜಾಕೆ ಹಿಡಿತ ಬೇಕು. ಐದನೇ ನಂಬರ್‌ನಾಗೆ ಜಾರಿಕೆ ಜಾಸ್ತಿ, ಹಿಡಿಯಾಕೆ ಬಿಡಂಗಿಲ್ಲ. ಮ್ಯಾಲೆ ಅದರಾಗೆ ಗಂಧಕದ ಮದ್ದು ಐತೆ. ಕಬ್ಬಿಣಕ್ಕೆ ಚಲೋ. ವರ್ಷಗಟ್ಟಲೆ ಬಿಟ್ರೆ ಹಿತ್ತಾಳಿನ್ನ ತಿಂತೈತೆ. ಚಳಿಗೆ ಆ ದಪ್ಪ ಆಯಿಲ್ ಗಟ್ಟಿ ಬ್ಯಾರೆ ಆಗ್ತೈತೆ." ಚಹಾದ ಕೊನೆಯ ಗುಟುಕು ಕುಡಿದು, "ಉಜ್ಜಾಟ ಇಲ್ದಿದ್ರೆ ಏನೇನೂ ನಡೆಯಂಗಿಲ್ಲ ಅಂತ ನೀವೇ ಸಾಲಿಯಾಗೆ ಹೇಳಿರ್ಬೇಕಲ್ಲ?" ಎಂದರು.

"ಮೂವತ್ತನಾಲ್ಕು ವರ್ಷ ಹೇಳೀನಿ."

"ಹಂಗಾರೆ ಸರಿ" ಎಂದರು ಉಸ್ತಾದರು, ಬಹಳ ಮರ್ಯಾದೆಯಿಂದ.

ನಾಲ್ಕನೇ ನಂಬರಿನದು ಈಗಲೇ ಹಾಕಿಬಿಡೋಣ ಎಂದು ನಾನು ಅವಸರಪಟ್ಟೆ. ಅವರು ಒಪ್ಪಲಿಲ್ಲ. "ಪುಸ್ತಕ ನೋಡಿ ಬರ್ರಿ. ಕೆಲವು ಹಳೇ ಗಾಡಿ ಎಂಜಿನ್ ಆಯಿಲ್ಲೇ ಕುಡೀತಾವೆ, ಕೆಲವಕ್ಕೆ ಬ್ಯಾರೇನೇ ಇರ್ತೈತೆ. ಬಾಯಿ ಮಾತಿಗೆ ಒಮ್ಮೆ ಹಾಕಿದ್ದು ಸಾಕು."

ಬುಧವಾರ ಸ್ನಾನ ಮಾಡಿ ದೇವರ ಮನೆಗೆ ಹೋದೆ. ಸ್ನಾನ ಮಾಡಿದ್ದು ಭಯದಿಂದ. ಇಪ್ಪತ್ತಾರು ವರ್ಷದ ವಿಭೂತಿ, ಕುಂಕುಮ, ಗಂಧದ ನೀರು ಸೇರಿ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ದೋಸೆ ಮಗುಚುವ ಸಟ್ಟುಗವನ್ನು ಅಂಚಿನಲ್ಲಿ ತೂರಿಸಿ ಒಂದೊಂದಾಗಿ ಬಿಡಿಸಿದೆ. ಒಣಗಿದ ಚೆಂಡುಹೂವಿನ ಎಸಳುಗಳು ಉದುರಿದವು. ರಕ್ಷಾಪುಟದ ಮೇಲೆ ತಾಯಿಯ ಹೆಬ್ಬೆರಳಿನ ಗುರುತು ಇನ್ನೂ ಇತ್ತು, ಕೆಂಪಗೆ, ಅರ್ಜಿಯೊಂದಕ್ಕೆ ಒತ್ತಿದ ಹಾಗೆ. ಕೊನೆಯ ಪುಟಗಳಲ್ಲಿ ಒಂದು ಕೋಷ್ಟಕ ಸಿಕ್ಕಿತು. ಗೇರ್ ಬಾಕ್ಸಿಗೆ ನಾಲ್ಕನೇ ನಂಬರು, ತೊಂಬತ್ತರ ತೆಳ್ಳನೆಯದು. ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ: ಐದನೆಯದನ್ನು ಬಳಸಬಾರದು. ನಾನು ಕಾರು ಕೊಂಡ ದಿನದಿಂದಲೂ ಅದು ಅಲ್ಲಿಯೇ ಇದ್ದು, ವರ್ಷಕ್ಕೊಮ್ಮೆ ಮಂಗಳಾರತಿ ತೆಗೆದುಕೊಂಡು ಸುಮ್ಮನಿತ್ತು. ಅಡುಗೆಮನೆಯಿಂದ ಎಡಗೈಯ ರೊಟ್ಟಿಯ ಸದ್ದು ಬರುತ್ತಿತ್ತು, ಪಟ್, ಪಟ್, ಪಟ್.

ಆಗಲೇ ಎದ್ದು ಹೋಗಿ ಹೇಳಬಹುದಿತ್ತು, ಹೇಳಲಿಲ್ಲ. ನನ್ನೊಳಗಿನ ವಕೀಲನೊಬ್ಬ ಎದ್ದು ವಾದಿಸತೊಡಗಿದ. ಸದ್ದಿಲ್ಲದೆ ಎಣ್ಣೆ ಬದಲಾಯಿಸಿದರೆ ಗೇರು ಬೀಳುತ್ತದೆ, ತನ್ನ ಕೈ ಗುಣವಾಯಿತು ಎಂದು ಆಕೆ ಹಿಗ್ಗುತ್ತಾಳೆ, ಕಾರು ಉಳಿಯುತ್ತದೆ. ಇದರಲ್ಲಿ ಯಾರಿಗೆ ನಷ್ಟ? ವಾದ ಬಹಳ ಚೆನ್ನಾಗಿತ್ತು. ವಾರವಿಡೀ ಅದನ್ನು ಆಲಿಸಿದೆ.

ಮುಂದಿನ ಮಂಗಳವಾರ ನಾಲ್ಕನೇ ನಂಬರಿನ ಡಬ್ಬಿಗಳು ಚೀಲದಲ್ಲಿ ನನ್ನ ಕಾಲ ಬಳಿ ಇದ್ದವು. ಮಂಜಿನಲ್ಲಿ ಕಾರು ಮೂರು ಸಲ ಕರ್ರ್ ಎಂದಿತು. ಹರಿಹರದಲ್ಲಿ ಚಾವಿ ಕೇಳಿದೆ. "ಉಸ್ತಾದರು ಒಮ್ಮೆ ಗಾಡಿ ನೋಡ್ತಾರಂತೆ."

"ನೋಡ್ಲಿ. ಕೊಡೋದಕ್ಕೆ ಮುಂಚೆ ನೋಡ್ಸೋದು ಚಲೋ" ಎಂದು ಚಾವಿ ಕೊಟ್ಟಳು. ಎಡಗೈಯಿಂದ.

ಉಸ್ತಾದರು ಮೊದಲು ತುಂಬುವ ಬಾಯಿಯ ಬೋಲ್ಟನ್ನು ಸಡಿಲಿಸಿದರು, ಆಮೇಲೆ ಖಾಲಿ ಮಾಡುವುದನ್ನು. "ಮೊದ್ಲು ಖಾಲಿ ಮಾಡಿ, ಆಮ್ಯಾಲೆ ತುಂಬೋ ಬಾಯಿ ಬಿಚ್ಚಾಕೆ ಬರಲಿಲ್ಲ ಅಂದ್ರೆ ಗಾಡಿ ಇಲ್ಲೇ ವಾಸ" ಎಂದರು. ನನ್ನ ಕಾಕಂಬಿ ಒಲ್ಲದ ಮನಸ್ಸಿನಿಂದ ತಟ್ಟೆಗೆ ಇಳಿಯಿತು. ಅವರು ತಟ್ಟೆಯನ್ನು ಬಿಸಿಲಿಗೆ ಹಿಡಿದು ಓರೆಮಾಡಿದರು. ಒಳಗಿನ ಬಳೆಗಳು ಸವೆದಿದ್ದರೆ ಎಣ್ಣೆಯಲ್ಲಿ ಬಂಗಾರದ ಪುಡಿ ಹೊಳೆಯುತ್ತದಂತೆ. ಹಾಗೆ ಹೊಳೆದರೆ ಗೇರ್ ಬಾಕ್ಸ್ ಬಿಚ್ಚಬೇಕು, ಈ ವಯಸ್ಸಿನ ಕಾರಿಗೆ ಹೊಸ ಬಳೆ ಸಿಗುವುದು ದುಸ್ತರ. ಅವರು ನೋಡುತ್ತಲೇ ಇದ್ದರು. ತಟ್ಟೆಯಲ್ಲಿ ಬೇವಿನ ಎಲೆಗಳ ನೆರಳು ಮೆಲ್ಲಗೆ ಅಲುಗುತ್ತಿತ್ತು. ಒಂದೆರಡು ಕಣ ಮಿನುಗಿದವು, ಹಗಲಿನಲ್ಲಿ ಕಂಡ ಚುಕ್ಕಿಯಷ್ಟು.

"ಇಷ್ಟು ಇರ್ತೈತೆ. ಬಚಾವ್" ಎಂದರು.

ಹೊಸ ಎಣ್ಣೆ ತೆಳ್ಳಗೆ, ತಿಳಿ ಹೊಂಬಣ್ಣದಲ್ಲಿ, ಎರೆಯುವ ಕೈಗೆ ವಿಧೇಯವಾಗಿ ಹೋಯಿತು. ತುಂಬುವ ಬಾಯಿಯಿಂದ ಒಂದು ಎಳೆ ತುಳುಕಿ ಹೊರಬಂದೊಡನೆ ನಿಲ್ಲಿಸಿ ಬೋಲ್ಟ್ ಬಿಗಿದರು. ಡಬ್ಬಿಯಲ್ಲಿ ಸ್ವಲ್ಪ ಉಳಿಯಿತು. ಇನ್ನಷ್ಟು ಹಾಕೋಣವೇ ಎಂದು ಕೇಳಬೇಕೆನಿಸಿತು. ಬೆಣ್ಣೆಯೂರಿನ ರಕ್ತ. ಬಾಯಿ ಮುಚ್ಚಿಕೊಂಡೆ.

ಇಳಿಹೊತ್ತಿಗೆ ಸೇತುವೆಯ ಕಡೆ ಹೊರಟೆವು. ಆಕೆ ಹಲ್ಲು ಕಚ್ಚಿ, ಭುಜವನ್ನೆಲ್ಲ ಕೊಟ್ಟು ಎರಡನೇ ಗೇರಿಗೆ ಎಳೆದಳು. ಕೋಲು ಎದುರಾಡದೆ ಬಂದುಬಿಟ್ಟಿತು. ಕೂಡಿಟ್ಟ ಬಲವೆಲ್ಲ ಖರ್ಚಾಗದೆ ಉಳಿದು, ಮೊಣಕೈ ಸೀಟಿನ ಬೆನ್ನಿಗೆ ಬಡಿಯಿತು. ಆಕೆ ತಿರುಗಿ ನೋಡಲಿಲ್ಲ. ಮೂರಕ್ಕೆ ಹಾಕಿ ಮತ್ತೆ ಎರಡಕ್ಕೆ ತಂದಳು. ಬೇಕಿರಲಿಲ್ಲ, ಆದರೂ ತಂದಳು. ಸದ್ದಿಲ್ಲ. ಹೊಳೆಯ ದಂಡೆಯಲ್ಲಿ ನಿಲ್ಲಿಸಿ, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದಳು.

"ಕೈ ಬಂತ್ರೀ" ಎಂದಳು.

ಹೊಳೆಯ ಮೇಲೆ ಬಿಸಿಲು ಕರಗುತ್ತಿತ್ತು. ನೀರು ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗದಷ್ಟು ನಿಧಾನ. ನನ್ನ ವಕೀಲ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೆ ಸುಖಾಂತ. ಆದರೆ ಆ ಕೈಯನ್ನು ನೋಡಿದೆ. ಮುರಿದು, ಕೂಡಿ, ಮೂರು ವಾರ ಹಿಟ್ಟು ನಾದಿ, ಮಾಡದ ತಪ್ಪಿಗೆ ಬೈಸಿಕೊಂಡ ಕೈ. ಅದಕ್ಕೆ 'ವಯಸ್ಸಾಯಿತು' ಎಂದವನು ನಾನು.

"ಕೈ ಯಾವಾಗ್ಲೋ ಬಂದಿತ್ತು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅಂಗಡಿ, ಐದನೇ ನಂಬರು, ಗಂಧಕ, ಹಿತ್ತಾಳೆಯ ಬಳೆ, ಸಟ್ಟುಗ, ವಕೀಲ.

ಆಕೆ ಹೊಳೆಯನ್ನೇ ನೋಡುತ್ತ ಕೇಳಿದಳು. ಆಚೆ ದಡದಲ್ಲಿ ಯಾರೋ ಎಮ್ಮೆಗಳನ್ನು ನೀರಿನಿಂದ ಎಬ್ಬಿಸುತ್ತಿದ್ದರು. ಅವುಗಳಿಗೆ ಏಳುವ ಮನಸ್ಸಿರಲಿಲ್ಲ.

"ವಯಸ್ಸಾತು ಅಂದ್ರಲ್ಲ" ಎಂದಳು ಕೊನೆಗೆ.

"ಅಂದೆ."

"ಯಾರಿಗೆ?"

ಉತ್ತರ ಎಡಗಡೆಯ ಸೀಟಿನಲ್ಲಿ ಕೂತಿತ್ತು.

"ಪುಸ್ತಕ ಎಲ್ಲೈತೆ?"

"ದೇವರ ಮನೆಯಾಗೆ."

"ನಾಳೆಯಿಂದ ಗಾಡಿಯಾಗೆ ಇರ್ಲಿ. ಪೂಜಿ ಇಲ್ಲೇ ಮಾಡಾಣ, ಓದಿ ಮಾಡಾಣ. ಎಣ್ಣೆ ಖಾತೆನೂ ಇನ್ಮ್ಯಾಲೆ ನಂದೇ."

"ಮತ್ತೆ ನನಗೆ?"

ಆಕೆ ಕಾರು ಚಾಲೂ ಮಾಡಿ, ಸ್ವಲ್ಪ ಯೋಚಿಸಿ, "ಗಾಜು ಒರೆಸೋ ಸೋಪ್ನೀರು" ಎಂದಳು.

ಮರಳುವ ದಾರಿಯಲ್ಲಿ ಅಕ್ಕನ ಮನೆಯ ಮುಂದೆ ಒಂದು ಗಳಿಗೆ ನಿಲ್ಲಿಸಿ, ಇಳಿಯದೆಯೇ ಕೂಗಿ ಹೇಳಿದಳು: "ಅಕ್ಕಾ, ಪಕ್ಕದ ಮನೆಯೋರಿಗೆ ಬ್ಯಾರೆ ಗಾಡಿ ನೋಡ್ಕೊಳ್ಳಾಕೆ ಹೇಳು."

ಸಂಕ್ರಾಂತಿಗೆ ಮೊದಲೇ ಊತ ಇಳಿದು ಬಳೆ ಏರಿದವು, ಹಸಿರು ಗಾಜಿನವು. ಅದರ ಮರುಮಂಗಳವಾರ ದಟ್ಟ ಮಂಜು. ಮನೆಯ ಮುಂದಿನ ತಿರುವಿನಲ್ಲಿ ಝಲ್ ಎಂದಿತು, ಕಿಣ್ ಎಂದಿತು. ಎರಡನೆಯದು, ಎಂದುಕೊಂಡು ಕಣ್ಣು ಮುಚ್ಚಿದೆ. ಗದ್ದೆ, ನಾಲೆ, ಅರ್ಧ ಬೆಳ್ಳಕ್ಕಿಗಳು ಎಲ್ಲ ಒಳಗೇ ಬರತೊಡಗಿದವು. ಅಷ್ಟರಲ್ಲಿ ಕಾರು ಪಕ್ಕಕ್ಕೆ ಸರಿದು ನಿಂತಿತು.

"ಮಂತ್ರಿಗಳೇ" ಎಂದಳು ನನ್ನ ಹೆಂಡತಿ, "ಗಾಜು ಮಸುಕಾಗೈತೆ."

ನಾನು ಸೋಪುನೀರಿನ ಬಾಟಲಿಯನ್ನೂ ಬಟ್ಟೆಯನ್ನೂ ಹಿಡಿದು ಮಂಜಿಗೆ ಇಳಿದೆ.